ದಾಳ ಹಾಕುವ ಮೊದಲಿನ ಮಾತು

"ಪರ್ಸೆಪ್ಷನ್ ಹಾಕಿದೆ, 17 ಬಂತು. ಏನ್ ಕಾಣಿಸ್ತು?"

ಭಾನುವಾರ ಮಧ್ಯಾಹ್ನ ಪುಣೆಯ ಕೋಥ್ರೂಡಿನ ಒಂದು ಮನೆಯ ಹಾಲ್‌ನಲ್ಲಿ ಐದಾರು ಜನ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಆಟ) ಆಡಲು ಕೂತರೆ, ಊಟದ ತಟ್ಟೆ ಎತ್ತಿಟ್ಟ ಹತ್ತು ನಿಮಿಷದೊಳಗೆ ಈ ಮಾತು ಬಂದೇ ಬರುತ್ತದೆ. ಪರ್ಸೆಪ್ಷನ್ ಎಂದರೆ ಸುತ್ತ ಇರುವುದನ್ನು ಗಮನಿಸುವ ವಿದ್ಯೆ. ಆದರೆ ಡಿಎಂ, ಎಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ಇನ್ನೂ ಏನನ್ನೂ ಕೇಳಿರುವುದಿಲ್ಲ. ಪಾತ್ರ ಎಲ್ಲಿ ನಿಂತಿದೆ, ಯಾವ ಕಡೆ ನೋಡುತ್ತಿದೆ, ಕೈಯಲ್ಲಿ ದೀಪ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಗರ ಬಿದ್ದಾಗಿದೆ. 17 ಮೇಜಿನ ಮೇಲೆ ಕೂತು ಉತ್ತರ ಕೇಳುತ್ತಿದೆ, ಖಾಲಿ ಕೋಣೆಯಲ್ಲೂ ಆ 17ಕ್ಕೆ ತಕ್ಕದ್ದೇನನ್ನಾದರೂ ಡಿಎಂ ಹುಟ್ಟಿಸಿ ಕೊಡಬೇಕಾಗಿದೆ.

ಪಾತ್ರದ ಕೆಲಸ ಆಯಿತೋ ಇಲ್ಲವೋ ಎಂದು ನೋಡುವ ಸ್ಕಿಲ್ ಚೆಕ್ ಎಂದರೆ ದಾಳ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ದಾಳ ಉರುಳಿದ ಮೇಲೆ ಡಿಎಂಗೆ ಮಾಡಲು ಉಳಿಯುವುದು ಬಹಳ ಕಡಿಮೆ. ಹಾಕಿಸಬೇಕೋ ಬೇಡವೋ, ಎಷ್ಟು ಸಲ ಹಾಕಿಸಬೇಕು, ಸೋತರೆ ಏನಾಗುತ್ತದೆ, ಈ ಮೂರೂ ದಾಳ ಇನ್ನೂ ಮುಷ್ಟಿಯಲ್ಲಿರುವಾಗಲೇ ತೀರ್ಮಾನವಾಗಬೇಕು. ಒಳ್ಳೆಯ ಆಟ, ಬೇಸರದ ಆಟ ಎರಡೂ ಕವಲೊಡೆಯುವುದು ಅಲ್ಲೇ. ಇಲ್ಲಿ ಹೇಳುವ ಲೆಕ್ಕವೆಲ್ಲ 2014ರಲ್ಲಿ ಬಂದ ಐದನೇ ಆವೃತ್ತಿಯದು. 2024ರ ಪರಿಷ್ಕೃತ ಪುಸ್ತಕಗಳಲ್ಲೂ ಚೆಕ್‌ನ ಮೂಲ ಲೆಕ್ಕ ಹಾಗೇ ಇದೆ: ಇಪ್ಪತ್ತು ಮುಖದ ದಾಳ, ಅದಕ್ಕೆ ಪಾತ್ರದ ಬಲ, ಚುರುಕು, ಬುದ್ಧಿಯಂಥವುಗಳಿಂದ ಬರುವ ಎಬಿಲಿಟಿ ಮಾಡಿಫೈಯರ್, ಪಾತ್ರಕ್ಕೆ ಆ ವಿದ್ಯೆಯಲ್ಲಿ ಪಳಗಿದ ಕೈ ಇದ್ದರೆ ಪ್ರೊಫಿಷಿಯೆನ್ಸಿ. ಒಟ್ಟು ಮೊತ್ತ ಡಿಎಂ ಇಟ್ಟ ಡಿಸಿಯನ್ನು (ಕೆಲಸದ ಕಷ್ಟದ ಅಂಕಿ) ಮುಟ್ಟಿದರೆ ಅಥವಾ ದಾಟಿದರೆ ಗೆಲುವು.

ಯಾರಾದರೂ ಏನಾದರೂ ಮಾಡುತ್ತೇನೆ ಎಂದಾಗ ಮೊದಲು ಕೇಳಬೇಕಾದ್ದು ಎರಡು. ಏನು ಆಗಬೇಕು? ಹೇಗೆ ಮಾಡುತ್ತೀಯ? "ಕೋಣೆ ಹುಡುಕ್ತೀನಿ" ಎಂದರೆ ಸಾಲದು. ಕನ್ನಡದಲ್ಲಿ ಆಡುವವರಿಗೆ ಇಲ್ಲಿ ಭಾಷೆಯೇ ಒತ್ತಾಸೆಯಾಗಿ ನಿಲ್ಲುತ್ತದೆ. ಇಣುಕುವುದು, ತಡಕುವುದು, ಕೆದಕುವುದು, ಜಾಲಾಡುವುದು, ಆಲಿಸುವುದು, ಮೂಸುವುದು, ತಟ್ಟಿ ನೋಡುವುದು. ಕೈ ಎಲ್ಲಿದೆ, ಕಿವಿ ಎಲ್ಲಿದೆ ಎನ್ನುವುದು ಒಂದೊಂದು ಕ್ರಿಯಾಪದದ ಒಳಗೇ ಇದೆ. ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟಿನ 18 ಸ್ಕಿಲ್ ಹೆಸರುಗಳಲ್ಲಿ ಅದು ಸಿಗುವುದಿಲ್ಲ. "ಗೋಡೆ ತಟ್ಟಿಕೊಂಡು ಹೋಗ್ತೀನಿ" ಎಂದವನಿಗೆ ಗೋಡೆಯ ಹಿಂದಿನ ಟೊಳ್ಳು ದಾಳವಿಲ್ಲದೆ ಸಿಗಬೇಕು. "ಹಾಸಿಗೆ ಕೆಳಗೆ ಕೈ ಹಾಕಿ ತಡಕ್ತೀನಿ" ಎಂದವಳ ಕೈಗೆ ಅಲ್ಲಿಟ್ಟ ಚೀಲ ಬರಬೇಕು, ಚೀಲದ ಮೇಲೆ ಚೇಳು ಕೂತಿದ್ದರೆ ಅದು ಕುಟುಕಲೂಬೇಕು. ಸರಿಯಾದ ಜಾಗದಲ್ಲಿ ಸರಿಯಾದ ಕೆಲಸ ಮಾಡಿದವರಿಂದ ಮತ್ತೆ ದಾಳ ಹಾಕಿಸುವುದು ಅವರ ಯೋಚನೆಯನ್ನು ಕಸಿದುಕೊಂಡ ಹಾಗೆ.

ಆಮೇಲಿನ ಪ್ರಶ್ನೆ ಡಿಎಂ ತನಗೆ ತಾನೇ ಕೇಳಿಕೊಳ್ಳಬೇಕಾದ್ದು: ಸೋತರೆ ಏನು? ಬೀಗ ಹಾಕಿದ ಪೆಟ್ಟಿಗೆ, ಹೊರಗೆ ಯಾರೂ ಇಲ್ಲ, ರಾತ್ರಿಯಿಡೀ ಸಮಯ ಇದೆ, ರೋಗ್ (ಕಳ್ಳಗೈಯ ಪಾತ್ರ) ಹತ್ತಿರ ಬೀಗ ತೆಗೆಯುವ ಸಾಮಾನು ಇದೆ. ಈ ಬೀಗಕ್ಕೆ ದಾಳ ಹಾಕಿಸಿದರೆ 4 ಬೀಳುತ್ತದೆ, "ಇನ್ನೊಂದ್ಸಲ ಹಾಕ್ಲಾ?" ಎನ್ನುತ್ತಾನೆ, 9 ಬೀಳುತ್ತದೆ, "ಇನ್ನೊಂದ್ಸಲ?" ಕೊನೆಗೆ ತೆರೆಯುವುದು ನಿಶ್ಚಯ, ನಡುವೆ ಹೋದ ಹೊತ್ತು ಮಾತ್ರ ದಂಡ. 2000ದ ಮೂರನೇ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ನಿಯಮ ಇತ್ತು: ಇಪ್ಪತ್ತು ಪಟ್ಟು ಸಮಯ ಕೊಟ್ಟರೆ 20 ಬಿದ್ದಂತೆಯೇ ಲೆಕ್ಕ. ಐದನೇ ಆವೃತ್ತಿಯ ಡಿಎಂ ಪುಸ್ತಕ ಹತ್ತು ಪಟ್ಟು ಸಮಯ ಸಾಕು ಎನ್ನುತ್ತದೆ, ಆ ಕೆಲಸ ಆ ಪಾತ್ರದ ಕೈಲಾಗುವಂಥದ್ದಾಗಿದ್ದರೆ. "ಅರ್ಧ ಗಂಟೆ ಹಿಡೀತು, ತೆರೀತು" ಎಂದು ಹೇಳಿ ಮುಂದೆ ಹೋಗಬೇಕು. ಅದೇ ಬೀಗಕ್ಕೆ, ಹೊರಗಿನ ಓಣಿಯಲ್ಲಿ ಕಾವಲಿನವನು ಸುತ್ತು ಬರುತ್ತಿದ್ದರೆ, ದಾಳ ಬೇಕೇ ಬೇಕು. ಅಲ್ಲಿ ಹೋಗುವ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಬಂಡೆ ಹತ್ತುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಪುಣೆಯಲ್ಲಿ ಕೂತು ಆಡುವವರಿಗೆ ಇದನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಲ್ಲ, ಸಿಂಹಗಡ ಕೋಟೆ ಅಲ್ಲೇ ನಿಂತಿದೆ. 1670ರ ಫೆಬ್ರವರಿಯ ಒಂದು ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ತನ್ನವರನ್ನು ಕಟ್ಟಿಕೊಂಡು ಅದರ ಕಡಿದಾದ ಬದಿಯನ್ನೇ ಏರಿದ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಿಸಿದರು ಎನ್ನುವುದು ಜನರ ಬಾಯಲ್ಲಿ ಉಳಿದ ಐತಿಹ್ಯ. ನಾವು ಉಡದ ಪಟ್ಟು ಎನ್ನುತ್ತೇವಲ್ಲ, ಅದೇ. ಕಲ್ಪನೆಯ ಲೋಕದ ಕೋಟೆಯೊಂದನ್ನು ಅದರ ಹಾಗೆ ಇಡೋಣ: ಅರವತ್ತು ಅಡಿ ನೆಟ್ಟಗಿನ ಬಂಡೆ, ಮೇಲೆ ಒಬ್ಬ ಕಾವಲಿನವನು, ಕೆಳಗೆ ಐದು ಪಾತ್ರಗಳು.

ಮೊದಲ ವಿಷಯ, ಹತ್ತುವುದಕ್ಕೆ ಚೆಕ್ ಬೇಕೇ ಬೇಕೆಂದು ನಿಯಮ ಹೇಳುವುದಿಲ್ಲ. ಒಂದು ಅಡಿ ಏರಲು ಎರಡು ಅಡಿಯ ನಡಿಗೆ ಖರ್ಚಾಗುತ್ತದೆ, ಅಷ್ಟೇ. 30 ಅಡಿ ವೇಗದವರು ಒಂದು ಸುತ್ತಿಗೆ, ಎಂದರೆ ಎಲ್ಲರಿಗೂ ಒಂದೊಂದು ಸರದಿ ಬರುವಷ್ಟರಲ್ಲಿ, 15 ಅಡಿ ಏರುತ್ತಾರೆ, ಅರವತ್ತು ಅಡಿಗೆ ನಾಲ್ಕು ಸುತ್ತು. ಒಣ ಬಂಡೆ, ಹಿಡಿಯಲು ಸಂದುಗಳಿವೆ, ಅವಸರವಿಲ್ಲ ಎಂದರೆ ದಾಳವೇ ಬೇಡ. ಮಳೆ ಬಿದ್ದು ಜಾರುತ್ತಿದ್ದರೆ, ಹಿಡಿಯಲು ಜಾಗ ಕಡಿಮೆ ಇದ್ದರೆ ಆಗ ಅಥ್ಲೆಟಿಕ್ಸ್ ಚೆಕ್.

ಈಗ ಡಿಎಂ ಮಾಡುವ ಸಾಮಾನ್ಯ ತಪ್ಪು: ಸುತ್ತಿಗೊಂದರಂತೆ ನಾಲ್ಕು ಸಲ ಹಾಕಿಸುವುದು. ಸ್ಟ್ರೆಂತ್ (ಬಲ) 16 ಇರುವ ಫೈಟರ್‌ಗೆ (ಯೋಧ) ಮಾಡಿಫೈಯರ್ 3, ಮೊದಲ ಹಂತಗಳಲ್ಲಿ (ಲೆವೆಲ್) ಪ್ರೊಫಿಷಿಯೆನ್ಸಿ 2, ಒಟ್ಟು 5. ಡಿಸಿ 15 ಎಂದರೆ ದಾಳದಲ್ಲಿ 10 ಬೀಳಬೇಕು, ನೂರಕ್ಕೆ 55 ಅವಕಾಶ. ನಾಲ್ಕು ಸಲವೂ ಗೆಲ್ಲಬೇಕೆಂದರೆ ನೂರಕ್ಕೆ 9. ಡಿಸಿಯನ್ನು 10ಕ್ಕೆ ಇಳಿಸಿ "ಸುಲಭ ಮಾಡಿದೆ" ಎಂದುಕೊಂಡರೂ ಒಂದೊಂದು ಸಲಕ್ಕೆ 80, ನಾಲ್ಕೂ ಸೇರಿ 41. ಪಾರ್ಟಿಯಲ್ಲೇ (ಪಾತ್ರಗಳ ಗುಂಪು) ಗಟ್ಟಿ ಆಳು ಇವನು, ಆದರೂ ಬೀಳುವ ಸಂಭವವೇ ಹೆಚ್ಚು. ಡಿಎಂ ಬಯಸಿ ಮಾಡಿದ್ದಲ್ಲ ಇದು, ದಾಳ ಎಷ್ಟು ಸಲ ಬಿತ್ತು ಎನ್ನುವ ಲೆಕ್ಕ ಮಾಡಿದ್ದು. ಡಿಸಿ 10 ಇಡಲೋ 15 ಇಡಲೋ ಎಂದು ತಲೆ ಕೆಡಿಸಿಕೊಳ್ಳುವ ಡಿಎಂಗಳು ಎಷ್ಟು ಸಲ ಹಾಕಿಸುತ್ತಿದ್ದೇವೆ ಎಂದು ಎಣಿಸುವುದಿಲ್ಲ. ನನ್ನ ಮಟ್ಟಿಗೆ ಡಿಸಿಗಿಂತ ಅದೇ ದೊಡ್ಡ ನಿರ್ಧಾರ.

ಒಂದೇ ಸಲ ಹಾಕಿಸಿ. ಹಾಕಿಸುವ ಮೊದಲು ಬಾಯಿ ಬಿಟ್ಟು ಹೇಳಿ:

"ಮಳೆ ಬಿದ್ದ ಬಂಡೆ. ಅಥ್ಲೆಟಿಕ್ಸ್, ಡಿಸಿ 15. ದಾಟಿದರೆ ಸದ್ದಿಲ್ಲದೆ ಮೇಲೆ ಸೇರ್ತಿ, ಹಗ್ಗ ಇಳಿಸಬಹುದು. ತಪ್ಪಿದರೆ ಅರ್ಧ ದಾರೀಲಿ ಕಲ್ಲು ಕಿತ್ತು ಉರುಳುತ್ತೆ, ಕಾವಲಿನವನು ಬಗ್ಗಿ ನೋಡ್ತಾನೆ. ಡಿಸಿಗಿಂತ ಐದೋ ಅದಕ್ಕಿಂತ ಹೆಚ್ಚೋ ಕಮ್ಮಿ ಬಿದ್ದರೆ ಕಲ್ಲಿನ ಜೊತೆ ನೀನೂ ಬರ್ತಿ. ಹತ್ತೀಯಾ?"

ಇಷ್ಟು ಹೇಳಿದ ಕೂಡಲೇ ಮೇಜು ಎಚ್ಚರಾಗುತ್ತದೆ. "ತಡಿ, ತಡಿ. ಸೊಂಟಕ್ಕೆ ಹಗ್ಗ ಕಟ್ಕೋತೀನಿ." "ಗೂಟ ಎಷ್ಟಿವೆ?" ಸಾಮಾನಿನ ಪಟ್ಟಿ ಹೊರಬರುತ್ತದೆ. ಸೆಣಬಿನ ಹಗ್ಗ 50 ಅಡಿ, ಬಂಡೆ 60 ಅಡಿ, ಎರಡು ಹಗ್ಗ ಗಂಟು ಹಾಕಬೇಕು. ಕಬ್ಬಿಣದ ಗೂಟ ಹೊಡೆದರೆ ಹಿಡಿತ ಸಿಗುತ್ತದೆ, ಆದರೆ ಸುತ್ತಿಗೆಯ ಸದ್ದು ಕೇಳುತ್ತದೆ. ಕ್ಲೈಂಬರ್ಸ್ ಕಿಟ್ ಇದ್ದರೆ ಬಿಗಿದ ಜಾಗದಿಂದ 25 ಅಡಿಗಿಂತ ಕೆಳಗೆ ಬೀಳುವುದಿಲ್ಲ. ಬೀಳುವ ಲೆಕ್ಕ ಹತ್ತು ಅಡಿಗೆ ಒಂದು ಆರು ಮುಖದ ದಾಳ: ಅರವತ್ತು ಅಡಿಗೆ ಆರು ದಾಳ, ಸರಾಸರಿ 21. ಮೊದಲ ಹಂತದ ವಿಜರ್ಡ್‌ನ (ಮಂತ್ರವಾದಿ) ಬಳಿ ಏಳೆಂಟು ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿ) ಇದ್ದರೆ ಹೆಚ್ಚು. ಈ ಅಂಕಿ ಗೊತ್ತಾದ ಮೇಲೆ ವಿಜರ್ಡ್ ಮೊದಲು ಹತ್ತುವುದಿಲ್ಲ. ಫೈಟರ್ ಹತ್ತಿ ಹಗ್ಗ ಇಳಿಸಿದ ಮೇಲೆ ಉಳಿದ ನಾಲ್ವರಿಗೆ ಚೆಕ್ ಬೇಡ. ಅಪಾಯ ಮುಗಿದಿದೆ, ಕಥೆ ಕೋಟೆಯೊಳಗೆ ಹೋಗಲಿ.

ಡಿಸಿಯನ್ನು ಬಾಯಿಬಿಟ್ಟು ಹೇಳಬೇಕೇ ಎಂದು ಕೇಳುವವರಿದ್ದಾರೆ. ಬಂಡೆ ಎದುರಿಗಿದೆ, ಹತ್ತುವವನ ಕಣ್ಣಿಗೆ ಅದರ ಕಷ್ಟ ಕಾಣುತ್ತದೆ, ಹೇಳಿಬಿಡಿ. ಎದುರಿನವನು ಸುಳ್ಳು ಹೇಳುತ್ತಿದ್ದಾನೋ, ಗೋಡೆಯಲ್ಲಿ ಗುಪ್ತದ್ವಾರ ಇದೆಯೋ ಎನ್ನುವಂಥ ಕಡೆ ಸಂಖ್ಯೆಯೇ ಗುಟ್ಟು ಬಿಟ್ಟುಕೊಡುತ್ತದೆ, ಅಲ್ಲಿ ಮುಚ್ಚಿಡಿ.

ಎಷ್ಟು ದಾಳ ಬೀಳುತ್ತವೆ ಎನ್ನುವ ಲೆಕ್ಕ ಇನ್ನೂ ಎರಡು ರೀತಿ ಮೋಸ ಮಾಡುತ್ತದೆ. ಒಂದು, "ಎಲ್ಲರೂ ಹಾಕೋಣ." ಯಾವ ಮಾಡಿಫೈಯರೂ ಇಲ್ಲದವನಿಗೆ ಡಿಸಿ 15 ದಾಟುವ ಅವಕಾಶ ನೂರಕ್ಕೆ 30. ಅಂಥ ಐವರು ಒಟ್ಟಿಗೆ ಹಾಕಿದರೆ ಒಬ್ಬನಾದರೂ ದಾಟುವುದು 83. ಕಷ್ಟವೆಂದು ಇಟ್ಟ ಗುಟ್ಟು ಯಾರೋ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅದಕ್ಕೆಂದೇ ತರಬೇತಿ ಪಡೆದ ಪಾತ್ರದ ಬೆಲೆ ಹೋಗುತ್ತದೆ. ಇನ್ನೊಂದು ಇದರ ತಿರುಗು: ಐವರೂ ಸದ್ದಿಲ್ಲದೆ ಅಂಗಳ ದಾಟಬೇಕು, ಒಬ್ಬ ತಪ್ಪಿದರೂ ಎಲ್ಲರೂ ಸಿಕ್ಕಿಬಿದ್ದಂತೆ ಎಂದು ಸ್ಟೆಲ್ತ್ ಹಾಕಿಸುವುದು. ಒಬ್ಬೊಬ್ಬರಿಗೂ 55 ಅವಕಾಶ ಇದ್ದರೂ ಐವರೂ ದಾಟುವುದು ನೂರಕ್ಕೆ 5. ಹೀಗೆ ಎರಡು ಸಲ ಆದರೆ ಆ ಪಾರ್ಟಿ ಇನ್ನೆಂದೂ ಕದ್ದು ಹೋಗುವ ಯೋಚನೆ ಮಾಡುವುದಿಲ್ಲ, ಬಾಗಿಲು ಒದ್ದೇ ಒಳಗೆ ಹೋಗುತ್ತದೆ.

ಇದಕ್ಕೆ ಪುಸ್ತಕದಲ್ಲೇ ಮದ್ದಿದೆ, ಓದುವವರು ಕಡಿಮೆ. ಗುಂಪಾಗಿ ಮಾಡುವ ಕೆಲಸಕ್ಕೆ ಗ್ರೂಪ್ ಚೆಕ್: ಎಲ್ಲರೂ ಹಾಕುತ್ತಾರೆ, ಅರ್ಧ ಅಥವಾ ಹೆಚ್ಚು ಜನ ದಾಟಿದರೆ ಗುಂಪೇ ದಾಟಿದಂತೆ. ಮೇಲಿನ ಐವರಿಗೆ ಅವಕಾಶ 5ರಿಂದ 59ಕ್ಕೆ ಏರುತ್ತದೆ. ಚೈನ್ ಮೇಲ್ ಕವಚ ತೊಟ್ಟು ಡಿಸಡ್ವಾಂಟೇಜ್‌ನಲ್ಲಿ (ಎರಡು ದಾಳ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳುವುದು) ಗಲಗಲ ಎನ್ನುತ್ತಾ ಬರುವವನನ್ನು ರೋಗ್ ತೋಳು ಹಿಡಿದು ನೆರಳಿನೊಳಗೆ ಎಳೆದುಕೊಂಡಳು ಎಂದು ಹೇಳುವುದಕ್ಕೂ ಜಾಗ ಸಿಗುತ್ತದೆ. ಒಬ್ಬರು ಮಾಡುವ ಕೆಲಸಕ್ಕೆ ಇನ್ನೊಬ್ಬರು ಕೈ ಸೇರಿಸಿದರೆ ಅಡ್ವಾಂಟೇಜ್, ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. 55 ಇದ್ದದ್ದು ಸುಮಾರು 80 ಆಗುತ್ತದೆ. ಆದರೆ "ನಾನೂ ಹೆಲ್ಪ್ ಮಾಡ್ತೀನಿ" ಎಂದಷ್ಟೇ ಹೇಳಿದರೆ ಕೊಡಬೇಡಿ. ಆ ಕೆಲಸ ಒಂಟಿಯಾಗಿ ಮಾಡಲು ಬರುವವನು ಮಾತ್ರ ಸಹಾಯ ಮಾಡಬಲ್ಲ ಎಂದು ನಿಯಮವೇ ಹೇಳುತ್ತದೆ. ಹೇಗೆ ಸಹಾಯ ಮಾಡುತ್ತೀಯ ಎಂದು ಕೇಳಿ. ಒಂದು ವಾಕ್ಯ ಬಂದರೆ ಸಾಕು.

ಡಿಸಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಸ್ತಕದ ಮೆಟ್ಟಿಲು 5, 10, 15, 20, 25, 30. ಒಂದರಿಂದ ನಾಲ್ಕನೇ ಹಂತದವರೆಗೆ 10, 15, 20 ಈ ಮೂರೇ ಸಾಕು, 12 ಇಡಲೋ 13 ಇಡಲೋ ಎಂದು ಕೂರುವುದು ಹೊತ್ತು ಹಾಳು. ಎಚ್ಚರ ಬೇಕಾದ್ದು ಪುಸ್ತಕದ ಪದಗಳ ಬಗ್ಗೆ. 10ನ್ನು ಅದು ಸುಲಭ ಎಂದು ಕರೆಯುತ್ತದೆ. ಆದರೆ ಮಾಡಿಫೈಯರ್ ಇಲ್ಲದವನು ಈ ಸುಲಭದ ಕೆಲಸದಲ್ಲೂ ನೂರಕ್ಕೆ 45 ಸಲ ಸೋಲುತ್ತಾನೆ. ನಿಜವಾಗಿ ಸುಲಭವಾದ ಕೆಲಸಕ್ಕೆ ದಾಳವೇ ಬೇಡ, 10 ಎಂದರೆ ಅಳ್ಳೆದೆಯವನಿಗೆ ಅನುಮಾನ ಹುಟ್ಟಿಸುವಷ್ಟು ಕಷ್ಟ ಎಂದೇ ಓದಿಕೊಳ್ಳಿ. ಇನ್ನೊಂದು ತುದಿಯಲ್ಲಿ, ಒಂಬತ್ತನೇ ಹಂತದ ರೋಗ್ ಡೆಕ್ಸ್ಟೆರಿಟಿ (ಚುರುಕು) 20, ಎಕ್ಸ್‌ಪರ್ಟೀಸ್ (ಪ್ರೊಫಿಷಿಯೆನ್ಸಿಯ ಇಮ್ಮಡಿ) ಸೇರಿ 13 ಕೂಡಿಸುತ್ತಾಳೆ. ಡಿಸಿ 15ರ ಬೀಗ ಅವಳಿಗೆ 2 ಬಿದ್ದರೂ ತೆರೆಯುತ್ತದೆ. ಅಂಥ ಬೀಗಕ್ಕೆ ಅವಳಿಂದ ದಾಳ ಕೇಳಬೇಡಿ. ಅವಳು ಹಂತ ಏರಿದಳೆಂದು ಡಿಸಿಯನ್ನೂ ಸುಮ್ಮನೆ ಏರಿಸಬೇಡಿ. ಹಳೆಯ ಊರಿನ ಹಳೆಯ ಬೀಗ ಹಳೆಯ ಡಿಸಿಯಲ್ಲೇ ಇರಲಿ.

ಇಪ್ಪತ್ತು ಮುಖದ ದಾಳ ಹೀಗೆ ಚಂಚಲ ಯಾಕೆಂದು ತಿಳಿಯಲು ಚೌಕಾಬಾರ ನೆನಪಿಸಿಕೊಂಡರೆ ಸಾಕು. ನಾಲ್ಕು ಕವಡೆ ಎಸೆದರೆ ನಾಲ್ಕೂ ಬಾಯಿ ಮೇಲಾಗಿ ಚೌಕ ಬೀಳುವುದೂ, ನಾಲ್ಕೂ ಬೋರಲು ಬಿದ್ದು ಬಾರ ಆಗುವುದೂ ಅಪರೂಪ. ಎರಡು ಬೀಳುವುದೇ ಹೆಚ್ಚು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಹದಿನಾರಕ್ಕೆ ಆರು ಸಲ ಎರಡು, ಒಂದು ಸಲ ಮಾತ್ರ ಚೌಕ. ಹಲವು ತುಂಡು ಒಟ್ಟಿಗೆ ಎಸೆದಾಗ ನಡುವಿನ ಗರ ಹೆಚ್ಚು ಬೀಳುತ್ತದೆ, ಆಟ ಅಂದಾಜಿಗೆ ಸಿಗುತ್ತದೆ. ಇಪ್ಪತ್ತು ಮುಖದ ಒಂಟಿ ದಾಳದಲ್ಲಿ 1, 10, 20 ಎಲ್ಲಕ್ಕೂ ನೂರಕ್ಕೆ ಐದೇ. ಮಲ್ಲನೂ ಬಡಕಲನೂ ಬಾಗಿಲು ಒಡೆಯಲು ನಿಂತರೆ ಮಲ್ಲ ಸೋತು ಬಡಕಲ ಗೆಲ್ಲುವುದು ಇಲ್ಲಿ ವಿಚಿತ್ರವೇನಲ್ಲ. ಆ ಬಾಗಿಲಿಗೆ ಮಲ್ಲ ಸಾಕು ಅನ್ನಿಸಿದರೆ ದಾಳವನ್ನು ಬದಿಗಿಟ್ಟು "ಒಡೀತು" ಎನ್ನಿ. 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಆಟ ಮತ್ತು ಅದರ ಜಾಡಿನ ಆಟಗಳು ಎರಡು ಆರು ಮುಖದ ದಾಳ ಹಿಡಿದವು: 10 ಅಥವಾ ಹೆಚ್ಚು ಬಿದ್ದರೆ ಪೂರ್ತಿ ಗೆಲುವು, 7ರಿಂದ 9ಕ್ಕೆ ಬೆಲೆ ತೆತ್ತು ಗೆಲುವು, 6 ಅಥವಾ ಕಡಿಮೆಗೆ ಸೋಲು. ಏನೂ ಕೂಡಿಸದೆ ಹಾಕಿದರೆ ನಡುವಿನ ಗೆಲುವಿನ ಪಾಲು ನೂರಕ್ಕೆ 42ರ ಹತ್ತಿರ. ಆ ನಡುವಿನ ಪಟ್ಟಿಯನ್ನು ನಮ್ಮ ಆಟಕ್ಕೂ ತಂದುಕೊಳ್ಳಬಹುದು, ಡಿಸಿಗೆ ಒಂದೆರಡು ಕಡಿಮೆ ಬಿದ್ದಾಗ "ಆಗುತ್ತೆ, ಆದರೆ..." ಎಂದು ಒಂದು ಬೆಲೆ ಇಟ್ಟು ಒಪ್ಪಿಸಿ.

ಎಲ್ಲಕ್ಕೂ ಚೆಕ್ ಎನ್ನುವ ಅಭ್ಯಾಸ ಆಟದ ಹುಟ್ಟಿನಿಂದ ಬಂದದ್ದಲ್ಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೊದಲ ಪೆಟ್ಟಿಗೆಯಲ್ಲಿ ಸ್ಕಿಲ್ ಪಟ್ಟಿಯೇ ಇರಲಿಲ್ಲ. ಏನು ಮಾಡುತ್ತೇನೆಂದು ಆಟಗಾರ ಹೇಳುತ್ತಿದ್ದ, ಆಗುತ್ತದೋ ಇಲ್ಲವೋ ಎಂದು ನಡೆಸುವವರು ತೀರ್ಮಾನಿಸುತ್ತಿದ್ದರು. ಮರುವರ್ಷ ಥೀಫ್ ಎಂಬ ಕಳ್ಳ ಪಾತ್ರ ಬಂದ, ಬೀಗ ತೆಗೆಯಲು, ನೆರಳಲ್ಲಿ ಅಡಗಲು ನೂರರ ಲೆಕ್ಕದ ಪಟ್ಟಿ ತಂದ. ಅಂದಿನಿಂದಲೇ ಒಂದು ತೊಡಕು ಶುರುವಾಯಿತು: ಅಡಗುವುದು ಥೀಫ್‌ನ ಪಟ್ಟಿಯಲ್ಲಿದೆ ಎಂದರೆ ಉಳಿದವರು ಅಡಗುವಂತಿಲ್ಲವೇ? ಎಲ್ಲರಿಗೂ ಒಂದೇ ದಾಳ, ಒಂದೇ ಲೆಕ್ಕ ಎಂದು ನೇರವಾದದ್ದು 2000ದಲ್ಲಿ. ಆ ತೊಡಕಿನ ನೆರಳು ಇಂದಿಗೂ ಇದೆ. ಶೀಟಿನಲ್ಲಿ ಹೆಸರಿಲ್ಲದ ಕೆಲಸವನ್ನು ಆಟಗಾರರು ಯೋಚಿಸುವುದೇ ಇಲ್ಲ.

ಸೋಲನ್ನು ಹೇಳುವ ರೀತಿಗೆ ಬರೋಣ. 3 ಬಿತ್ತು ಎಂದ ಕೂಡಲೇ "ನೀನು ಎಡವಿ ಮುಗ್ಗರಿಸಿದೆ" ಎನ್ನುವ ಡಿಎಂಗಳಿದ್ದಾರೆ. ಹತ್ತು ಯುದ್ಧ ಗೆದ್ದ ಪಾತ್ರ ಮೆಟ್ಟಿಲಲ್ಲಿ ಮುಗ್ಗರಿಸುವುದು ಆಟಗಾರನಿಗೆ ಅವಮಾನ. ಕನ್ನಡದಲ್ಲಿ ಇದನ್ನು ತಪ್ಪಿಸುವುದು ಸುಲಭ, ಸೋಲನ್ನು ವಸ್ತುವಿನ ಮೇಲೆ ಹಾಕುವ ವಾಕ್ಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಲ್ಲು ಕಿತ್ತುಬಂತು. ಹಗ್ಗ ಸವೆದಿತ್ತು. ಬೀಗದೊಳಗೆ ತುಕ್ಕು ಹಿಡಿದಿತ್ತು. ಪಾತ್ರ ಮಾಡಬೇಕಾದ್ದನ್ನೆಲ್ಲ ಮಾಡಿತು, ಲೋಕ ಒಪ್ಪಲಿಲ್ಲ. ದಾಳದಲ್ಲಿ 1 ಬಿದ್ದರೂ ಹೀಗೇ. ಎಬಿಲಿಟಿ ಚೆಕ್‌ನಲ್ಲಿ 1 ತಾನಾಗಿ ಸೋಲೂ ಅಲ್ಲ, 20 ತಾನಾಗಿ ಗೆಲುವೂ ಅಲ್ಲ, ಆ ನಿಯಮ ಇರುವುದು ದಾಳಿಯ ಏಟಿಗೆ. 20 ಬಿತ್ತೆಂದು ರಾಜ ಸಿಂಹಾಸನ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡುವ ಮಾತೇ ಇಲ್ಲದಿದ್ದರೆ ಹಾಕಿಸಲೇಬಾರದಿತ್ತು.

ಸೋಲಿನ ಬೆಲೆ ಸಿಗದೆ ಪರದಾಡುವಾಗ ಐದು ಕಡೆ ಕೈ ಹಾಕಿ ನೋಡಬಹುದು: ಸಮಯ, ಸದ್ದು, ಸಾಮಾನು, ನಿಂತ ಜಾಗ, ಎದುರಾಳಿಗೆ ಸಿಕ್ಕ ಸುಳಿವು. ಬೀಗ ತೆರೆಯಿತು, ಆದರೆ ಕಡ್ಡಿ ಒಳಗೇ ಮುರಿಯಿತು. ಬಾಗಿಲು ಒಡೆಯಿತು, ಆದರೆ ಸದ್ದು ಕೇಳಿ ಪಕ್ಕದ ಕೋಣೆಯಲ್ಲಿ ದೀಪ ಹೊತ್ತಿತು. ಕಥೆ ಮುಂದೆ ಹೋಗಲೇಬೇಕಾದ ಜಾಗದಲ್ಲಿ, ಉದಾಹರಣೆಗೆ ಕೊಲೆಗಾರನ ಹೆಸರಿರುವ ಏಕೈಕ ಕಾಗದದ ಮೇಲೆ, ಒಂದು ಇನ್ವೆಸ್ಟಿಗೇಷನ್ ಚೆಕ್ ಕೂರಿಸುವುದು ದೊಡ್ಡ ತಪ್ಪು. ಸೋತರೆ ಇಡೀ ಸಂಜೆ ಆ ಕೋಣೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕಾಗದ ಸಿಗಲಿ. ಎಷ್ಟು ಬೇಗ ಸಿಕ್ಕಿತು, ಯಾರ ಕಣ್ಣಿಗೆ ಬೀಳದೆ ಸಿಕ್ಕಿತು ಎನ್ನುವುದಕ್ಕೆ ದಾಳ ಇರಲಿ.

"ಮತ್ತೆ ಹಾಕ್ಲಾ?" ಎಂಬ ಪ್ರಶ್ನೆಗೆ ಬರ್ನಿಂಗ್ ವೀಲ್ ಆಟದ ನಿಯಮವೇ ನನಗೆ ಒಪ್ಪಿಗೆ: ಬಿದ್ದ ಗರ ನಿಂತಿತು, ಪರಿಸ್ಥಿತಿ ನಿಜವಾಗಿ ಬದಲಾಗುವವರೆಗೆ ಅದೇ ಉತ್ತರ. ಬೇರೆ ಉಪಾಯ, ಬೇರೆ ಸಾಮಾನು, ಬೇರೆ ದಾರಿ ತಂದರೆ ಮತ್ತೊಂದು ಚೆಕ್.

ಮಾತಿನ ಚೆಕ್‌ಗಳಲ್ಲಿ ಕನ್ನಡ ಮೇಜಿಗೆ ಇಂಗ್ಲಿಷ್ ಪುಸ್ತಕ ಕೊಡಲಾರದ ಒಂದು ಸೌಕರ್ಯ ಇದೆ. ಕೋಟೆ ಬಾಗಿಲಲ್ಲಿ ಕಾವಲಿನವನು ನಿಂತಿದ್ದಾನೆ. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದವರಿರುವ ಮೇಜಿನಲ್ಲಿ ಈ ಮೂರು ಮಾತು ಕೇಳಿ:

"ಲೇ, ಬಾಗಲಾ ತೆಗಿ. ನಾ ಯಾರಂತ ಗೊತ್ತೈತೇನು?"

"ಅಣ್ಣಾರ, ಹೊತ್ತು ಮುಳುಗೇತ್ರಿ, ಜೋಡಿ ಸಣ್ಣ ಹುಡುಗರದಾರ. ಮುಂಜಾನಿತನಕ ಒಳಗ ಇರಾಕ ಬಿಡ್ರಿ."

"ನಾವು ಸುಭೇದಾರರ ಮಂದಿ ರೀ. ನಿನ್ನೇನ ಕಾಗದ ಬಂದಿರಬೇಕಲ್ಲ, ನೋಡಿಲ್ಲೇನು?"

ಮೊದಲನೆಯದು ಇಂಟಿಮಿಡೇಷನ್ (ಬೆದರಿಕೆ), ಎರಡನೆಯದು ಪರ್ಸುವೇಷನ್ (ಮನವೊಲಿಕೆ), ಮೂರನೆಯದು ಡಿಸೆಪ್ಷನ್ (ವಂಚನೆ). ಯಾವ ಸ್ಕಿಲ್ ಎಂದು ಆಟಗಾರ ಹೇಳಬೇಕಾಗಿಯೇ ಇಲ್ಲ. ಏಕವಚನವೋ ಬಹುವಚನವೋ, "ಲೇ" ಅಂದರೋ "ರೀ" ಅಂದರೋ, ಅಲ್ಲೇ ಗೊತ್ತಾಗಿಬಿಡುತ್ತದೆ. ಕಾವಲಿನವನು ಮುದುಕನಾಗಿದ್ದು ಹುಡುಗನೊಬ್ಬ "ಲೇ" ಎಂದರೆ ಬಾಗಿಲು ತೆರೆದರೂ ತೆರೆದೀತು, ಆದರೆ ಆ ಮುದುಕ ಮುಖ ನೆನಪಿಟ್ಟುಕೊಳ್ಳುತ್ತಾನೆ. ಬೆದರಿಸಿ ಗೆದ್ದದ್ದರ ಬೆಲೆ ಅದು.

ಡಿಸಿ ಇಡುವಾಗ ಕಾವಲಿನವನ ಕಡೆಯಿಂದ ನೋಡಬೇಕು. ಅವನಿಗೇನೂ ನಷ್ಟವಿಲ್ಲದ ಬೇಡಿಕೆಗೆ 10. ತುಸು ತೊಂದರೆ ಇದ್ದರೆ 15. ಕೆಲಸ ಹೋಗುವ ಭಯ ಇದ್ದರೆ 20. ತಲೆ ಹೋಗುವಂಥದ್ದಾದರೆ ದಾಳವೇ ಇಲ್ಲ, ಆ ಭಯವನ್ನು ಮೊದಲು ಕಳೆಯುವ ದಾರಿ ಹುಡುಕಬೇಕು. ಆಟಗಾರ ಅವನ ಮನಸ್ಸಿಗೆ ತಟ್ಟುವ ಮಾತು ಹಿಡಿದರೆ ಅಡ್ವಾಂಟೇಜ್ ಕೊಡಿ ಇಲ್ಲವೇ ಡಿಸಿ 5 ಇಳಿಸಿ, ಎರಡನ್ನೂ ಕೊಟ್ಟರೆ ದಾಳಕ್ಕೆ ಕೆಲಸ ಉಳಿಯುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಶಾಲೆಯಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ ಆಡಿ, ಮನೆಯಲ್ಲಿ ಮಾತ್ರ ಕನ್ನಡ ಆಡುವವರು. ಮೇಜಿನಲ್ಲಿ ಅವರು ಮಾತಿಗೆ ತಡವರಿಸುತ್ತಾರೆ. ಕರಾವಳಿಯ ಮನೆಗಳಲ್ಲಿ ತುಳು ಆಡಿದವರಿಗೂ ಕಾವಲಿನವನ ಜೊತೆ ಬಯಲುಸೀಮೆಯ ಕನ್ನಡ ಬರಲಿಕ್ಕಿಲ್ಲ. ವಾಗ್ಮಿಗೆ ಬೋನಸ್ ಕೊಟ್ಟು ತಡವರಿಸುವವರಿಗೆ ಡಿಸಿ ಏರಿಸಿದರೆ, ಕರಿಸ್ಮಾ (ಮಾತಿನ ಸೆಳೆತ) 18 ಇರುವ ಬಾರ್ಡ್ (ಹಾಡುಗಾರ) ಪಾತ್ರ ಅವರ ಕೈಯಲ್ಲಿ ಮೂಕವಾಗುತ್ತದೆ. ಫೈಟರ್ ಆಡುವವನಿಂದ ನಾವು ದಂಡ ಹೊಡೆಸುವುದಿಲ್ಲವಲ್ಲ. "ಅವಳು ವಿನಯವಾಗಿ ಕೇಳ್ತಾಳೆ, ಮಕ್ಕಳಿದ್ದಾರೆ ಅಂತ ತೋರಿಸ್ತಾಳೆ" ಎಂದು ಮೂರನೆಯವರ ಹಾಗೆ ಹೇಳಿದರೂ ಅಷ್ಟೇ ತೂಕ ಕೊಡಿ. ಏನು ಹೇಳಿದಳು ಎನ್ನುವುದನ್ನು ನೋಡಬೇಕು, ಹೇಗೆ ಉಚ್ಚರಿಸಿದಳು ಎನ್ನುವುದನ್ನಲ್ಲ.

ಎದುರಿನವನ ಮನಸ್ಸು ಓದುವ ಇನ್‌ಸೈಟ್ ಚೆಕ್‌ನಷ್ಟು ಕೆಡುವ ಚೆಕ್ ಇನ್ನೊಂದಿಲ್ಲ. "ಇವನು ಸುಳ್ಳು ಹೇಳ್ತಿದಾನಾ?" ಆಟಗಾರ ಹಾಕುತ್ತಾನೆ, 3 ಕಾಣುತ್ತದೆ, "ಸತ್ಯ ಹೇಳುತ್ತಿರುವಂತಿದೆ" ಎನ್ನುತ್ತಾರೆ ಡಿಎಂ. 3 ನೋಡಿದವನು ನಂಬುತ್ತಾನೆಯೇ? ಈ ದಾಳವನ್ನು ಆಟಗಾರನ ಕೈಗೆ ಕೊಡದೇ ಇರುವುದು ಒಳ್ಳೆಯದು. ದಾಳ ಹಾಕದೆ ಹಿಡಿಯುವ ಪ್ಯಾಸಿವ್ ಲೆಕ್ಕ ಇರುವುದೇ ಇದಕ್ಕೆ: 10ಕ್ಕೆ ಮಾಡಿಫೈಯರ್ ಕೂಡಿಸಿ, ಅಡ್ವಾಂಟೇಜ್ ಇದ್ದರೆ ಇನ್ನೂ 5, ಡಿಸಡ್ವಾಂಟೇಜ್ ಇದ್ದರೆ 5 ಕಡಿಮೆ. ಸುಳ್ಳುಗಾರನ ಡಿಸೆಪ್ಷನ್ ಡಿಎಂ ಹಾಕಲಿ, ಪಾತ್ರದ ಪ್ಯಾಸಿವ್ ಇನ್‌ಸೈಟ್ ಅದಕ್ಕೆ ಡಿಸಿ ಆಗಲಿ. ಸುಳ್ಳು ಸಿಕ್ಕಿಬಿದ್ದಾಗಲೂ ತೀರ್ಪು ಹೇಳದೆ ಕಂಡದ್ದನ್ನು ಹೇಳಿ: ಮಾತಾಡುವಾಗ ಉಂಗುರ ತಿರುಗಿಸುತ್ತಿದ್ದಾನೆ, ತಮ್ಮನ ಹೆಸರು ಬಂದಾಗ ಲೋಟ ಕೆಳಗಿಟ್ಟ. ಪರ್ಸೆಪ್ಷನ್ ಕೂಡ ಹೀಗೇ, ಕಣ್ಣಿಗೆ ತಾನಾಗಿ ಬೀಳುವುದು ಪ್ಯಾಸಿವ್‌ನಲ್ಲಿ ಬರಲಿ. ಕಂಡದ್ದನ್ನು ಕೂಡಿಸಿ ಕಳೆದು ಅರ್ಥ ಮಾಡುವುದು ಇನ್ವೆಸ್ಟಿಗೇಷನ್.

2008ರ ನಾಲ್ಕನೇ ಆವೃತ್ತಿಯಿಂದ ಉಳಿದುಬಂದ ಸ್ಕಿಲ್ ಚಾಲೆಂಜ್ (ಒಂದರ ಮೇಲೊಂದು ಚೆಕ್ ಹಾಕಿಸಿ ಸೋಲು ಗೆಲುವು ಎಣಿಸುವುದು) ಬಳಸುವವರು ಒಂದು ಲೆಕ್ಕ ಗಮನಿಸಬೇಕು. ಮೂರು ಸೋಲು ಬರುವ ಮೊದಲು ಆರು ಗೆಲುವು ಎಂದು ಇಟ್ಟರೆ, ಒಂದೊಂದು ಚೆಕ್‌ಗೆ ನೂರಕ್ಕೆ 65 ಅವಕಾಶ ಇರುವ ಪಾರ್ಟಿ ಕೊನೆಗೆ ಗೆಲ್ಲುವುದು 43 ಮಾತ್ರ. 75 ಇದ್ದರೂ 68. ಮೂರು ಸೋಲಿನ ಮೊದಲು ನಾಲ್ಕು ಗೆಲುವು ಎಂದರೆ 65 ಇದ್ದದ್ದು 65ರ ಹತ್ತಿರವೇ ಉಳಿಯುತ್ತದೆ. ನದಿ ದಾಟುವುದು, ಸಂತೆಯಲ್ಲಿ ಬೆನ್ನಟ್ಟುವುದು ಇಂಥವಕ್ಕೆ ನಾಲ್ಕು ಸಾಕು.

ಇನ್ನು ಕೆಲವು ಸಣ್ಣ ವಿಷಯಗಳು. ಗೈಡೆನ್ಸ್ ಮಂತ್ರ ನಾಲ್ಕು ಮುಖದ ದಾಳ ಕೂಡಿಸುತ್ತದೆ, ಸರಾಸರಿ ಎರಡೂವರೆ, ಅಂದರೆ ಗೆಲ್ಲುವ ಅವಕಾಶಕ್ಕೆ ಸುಮಾರು 12. ಪ್ರತಿ ದಾಳ ಬೀಳುವಾಗಲೂ ಕ್ಲೆರಿಕ್ (ಪುರೋಹಿತ ಪಾತ್ರ) ಆಡುವವರು "ಗೈಡೆನ್ಸ್!" ಎಂದು ಕೂಗುವುದನ್ನು ನಿಲ್ಲಿಸಲು ಮಂತ್ರವನ್ನೇ ಕಿತ್ತುಹಾಕಬೇಕಿಲ್ಲ. ಅದಕ್ಕೆ ಬಾಯಲ್ಲಿ ಹೇಳಬೇಕು, ಕೈ ಆಡಿಸಬೇಕು, ಮುಟ್ಟಬೇಕು. ಬಂಡೆಯ ಬುಡದಲ್ಲಿ ಸರಿ. ಸುಭೇದಾರನ ಎದುರು ಮನವೊಲಿಸಲು ನಿಂತವಳ ಹೆಗಲ ಮೇಲೆ ಕೈಯಿಟ್ಟು ಮಂತ್ರ ಹೇಳಿದರೆ ಸುಭೇದಾರನಿಗೂ ಕೇಳಿಸುತ್ತದೆ.

ದಾಳ ಹಾಕುವ ಜಾಗ ಒಂದೇ ಇರಲಿ. ಸ್ಟೀಲ್ ತಟ್ಟೆಗೆ ಹಳೆಯ ಟವೆಲ್ ಮಡಿಸಿ ಹಾಸಿದರೆ ಸದ್ದೂ ಇಲ್ಲ, ಸೋಫಾ ಕೆಳಗೆ ಉರುಳುವುದೂ ಇಲ್ಲ. ತಟ್ಟೆಯ ಹೊರಗೆ ಬಿದ್ದದ್ದು, ಓರೆಯಾಗಿ ನಿಂತದ್ದು ಮತ್ತೆ ಹಾಕುವುದು ಎಂದು ಆಟದ ಮೊದಲೇ ಹೇಳಿಬಿಡಿ. ಕೇಳದೆ ಹಾಕಿದ ದಾಳವೂ ಲೆಕ್ಕಕ್ಕಿಲ್ಲ, 17 ಬಿದ್ದಿದ್ದರೂ. ಡಿಎಂ ಎದುರಿಗೆ ಒಂದು ಚೀಟಿ ಸಾಕು: ಒಬ್ಬೊಬ್ಬರ ಹೆಸರಿನ ಮುಂದೆ ಪ್ಯಾಸಿವ್ ಪರ್ಸೆಪ್ಷನ್, ಇನ್‌ಸೈಟ್, ಇನ್ವೆಸ್ಟಿಗೇಷನ್, ಮತ್ತು ಆ ಪಾತ್ರ ದಾಳವಿಲ್ಲದೆ ಮಾಡಬಲ್ಲ ಎರಡು ಕೆಲಸ. ಐದನೇ ಹಂತಕ್ಕೆ ಬಂದ ದಿನ ಹೊಸ ಚೀಟಿ ಬರೆಯಬೇಕು, ಪ್ರೊಫಿಷಿಯೆನ್ಸಿ ಆಗ 3 ಆಗುತ್ತದೆ. ಮುಂದೆ 9, 13, 17ರಲ್ಲಿ ಒಂದೊಂದು ಏರುತ್ತದೆ, ಚೀಟಿಯ ಸಂಖ್ಯೆಗಳೆಲ್ಲ ಅದರ ಜೊತೆ.